ಅರ್ಧ ಇಂಚಿನ ಗೆರೆ

ಲೊರೇನ್ ಹ್ಯಾಫ್ನರ್ ಒಂದು ಬಿಸ್ಕತ್ತಿನ ಡಬ್ಬ ತಂದಳು.
ಮುಚ್ಚಳ ತೆಗೆದರೆ, ಅಡುಗೆಮನೆಯ ಟವೆಲ್ಲಿನೊಳಗೆ
ಆರ್ವಿಲ್‌ನ ಪಿಸ್ತೂಲು.
ಗುಂಡು ತೆಗೆದಿದ್ದಳು. ಎರಡು ಸಲ ನೋಡಿಕೊಂಡಿದ್ದಳು.
ನಾನೂ ಒಂದು ಸಲ ನೋಡಿದೆ;
ಅದು ಈ ಕಸುಬಿನ ನಮಸ್ಕಾರ.

"ಶುಕ್ರವಾರ ಸ್ಯಾಕ್ರಮೆಂಟೋಗೆ ಹೊರಟೆ, ತಂಗಿಯ ಮನೆಗೆ.
ಇದನ್ನು ಒಯ್ಯಬಹುದೇ, ಬೆನ್ಯಾತ್?"

ಹೊರಗೆ ವಿನ್ನೆಮುಕ್ಕಾದ ಗಾಳಿ
ಬೋರ್ಡಿಗೆ ಉಳಿದ ಒಂದೇ ಮೊಳೆಯನ್ನು ಜಗ್ಗುತ್ತಿತ್ತು.
ಗೂಡ್ಸ್ ರೈಲು ದಾಟುವ ತನಕ ಉತ್ತರ ಕೊಡಲಿಲ್ಲ.

ಆಮೇಲೆ ಬೆರಳಿಟ್ಟು ತೋರಿಸಿದೆ:
ನಳಿಗೆಯ ತುದಿ, ಅರ್ಧ ಇಂಚು,
ಅದರ ಸುತ್ತ ತಿರುಪಿನ ಗೆರೆ.
ಕೊರೆದವನು ನಾನೇ, ಇದೇ ಲೇತಿನಲ್ಲಿ,
ಆರ್ವಿಲ್ ಆ ಸ್ಟೂಲಿನ ಮೇಲೆ ಕೂತು
ಸೂರ್ಯಕಾಂತಿ ಬೀಜ ಉಗುಳುತ್ತಿದ್ದಾಗ.

ಈ ಬದಿಯಲ್ಲಿ ಇದು ಬರೀ ಗೆರೆ.
ಬೆಟ್ಟದಾಚೆ ಇದೇ ಉಕ್ಕು, ಇದೇ ಗೆರೆ,
ಅಪರಾಧ.
ಮೂತಿಗೆ ಏನನ್ನೂ ಸಿಕ್ಕಿಸಬೇಕಾಗಿಲ್ಲ,
ಸಿಕ್ಕಿಸುವ ಜಾಗವಿದ್ದರೆ ಸಾಕು.

"ಖಾಲಿ ಜಾಗಕ್ಕೂ ಶಿಕ್ಷೆಯೇ?"
ಸೂಜಿಯ ಕಣ್ಣಲ್ಲೇ ಇಡೀ ಅಂಗಿ ಕಾಣುವ ದರ್ಜಿಯ ಹಾಗೆ
ನೋಡುತ್ತದೆ ಕಾನೂನು, ಅಂದೆ.

ನನ್ನಜ್ಜ ಪಿರೆನೀಸ್ ಬಿಟ್ಟು ಇಲ್ಲಿ ಕುರಿ ಕಾಯಲು ಬಂದವನು.
ಆಸ್ಪೆನ್ ತೊಗಟೆಯ ಮೇಲೆ ಹೆಸರು ಕೊರೆದ, ವರ್ಷ ಕೊರೆದ,
ಬಿಟ್ಟು ಬಂದ ಹುಡುಗಿಯ ಮೂಗು ಕೊರೆದ;
ಎಷ್ಟು ಆಳವೆಂದು ಯಾವ ಸರಕಾರವೂ ಕೇಳಲಿಲ್ಲ.
ನನಗೆ ಉಕ್ಕಿನಲ್ಲಿ ಕೂದಲೆಳೆಯಷ್ಟು ಇಳಿಯಲು
ಗೋಡೆ ತುಂಬ ಲೈಸೆನ್ಸು.
ದೂರುತ್ತಿಲ್ಲ.
ಮರ ಯಾರನ್ನೂ ಕೊಲ್ಲುವುದಿಲ್ಲ.

"ಇನ್ನೊಂದಿತ್ತಲ್ಲ," ಅಂದಳು, "ನಾಯಿಗೆ ಅಂತ ಕೊಂಡದ್ದು."

ಇದೆ. ತಿಜೋರಿಯಲ್ಲಿ.
ಸದ್ದಾದರೆ ಡಚೆಸ್ ಮಂಚದಡಿ ಹೊಕ್ಕು
ಎರಡು ದಿನ ಉಣ್ಣುತ್ತಿರಲಿಲ್ಲ,
ಅದಕ್ಕೇ ಆರ್ವಿಲ್ ಸೈಲೆನ್ಸರಿಗೆ ದುಡ್ಡು ಕಟ್ಟಿದ.
ಹತ್ತೂ ಬೆರಳಿಗೆ ಮಸಿ ಹಚ್ಚಿಸಿಕೊಂಡ.
ಫೋಟೋದಲ್ಲಿ ನಗಬಹುದೇ ಎಂದು ಕೇಳಿದ.
ಕಾದ.
ಒಪ್ಪಿಗೆಯ ಪತ್ರ ಬಂದಾಗ
ಅವನನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಅನುಮತಿ ಅವನ ಹೆಸರಿಗೆ.
ಹಾಗಾಗಿ ಅದು ನನ್ನ ಲೆಕ್ಕದ ಪುಸ್ತಕದಲ್ಲೇ ಉಳಿಯಿತು,
ಒಂದು ಸದ್ದನ್ನೂ ಕೇಳದ ಮೌನ.
ನೀನು ಹೋಗುವ ಕಡೆಗಂತೂ ಅದಕ್ಕೆ ದಾರಿಯೇ ಇಲ್ಲ, ಲೊರೇನ್.

"ಗಡಿಯಲ್ಲಿ ಡಬ್ಬ ತೆಗೆದು ನೋಡುತ್ತಾರಾ?"

ನೋಡಲಾರರು.
ಹಣ್ಣಿದೆಯಾ ಎಂದು ಕೇಳುತ್ತಾರೆ.

ಇಲ್ಲಿಗೆ ಬಂದಾಗ ಹಲವರು ದನಿ ತಗ್ಗಿಸುತ್ತಾರೆ,
ಡಬ್ಬ ಮುಚ್ಚುತ್ತಾರೆ,
ಹವೆಯ ಬಗ್ಗೆ ಎರಡು ಮಾತಾಡಿ ಹೊರಡುತ್ತಾರೆ.
ನಾನು ಲೇತಿನ ಚೂರು ಗುಡಿಸುತ್ತಾ ನಿಂತೆ.
ಲೊರೇನ್ ಕನ್ನಡಕ ಒರೆಸಿದಳು. ಮತ್ತೆ ಒರೆಸಿದಳು.
"ಬದಲಿಸು," ಅಂದಳು.

ನುಣುಪು ನಳಿಗೆ ಹಾಕಿದೆ, ಮೊದಲಿದ್ದದ್ದೇ;
ಅವನ ಹೆಸರಿನ ಚೀಟಿಯೊಡನೆ ಡ್ರಾಯರಿನಲ್ಲಿ ಮಲಗಿತ್ತು.
ಬೀಗದ ಪೆಟ್ಟಿಗೆ, ಅಲ್ಲಿ ತುಂಬಬೇಕಾದ ಫಾರಂ,
ಎಲ್ಲ ಬರೆದುಕೊಟ್ಟೆ.
ಕೆಳಗೆ ಇಷ್ಟು ಸೇರಿಸಿದೆ:
ಇದು ಕಮ್ಮಾರನ ಮಾತು, ವಕೀಲನನ್ನೂ ಕೇಳು.

ಗೆರೆ ಮುಚ್ಚುತ್ತಿದ್ದ ಪುಟ್ಟ ಉಕ್ಕಿನ ಟೋಪಿ
ಮೇಜಿನ ಮೇಲೆ ಉರುಳುತ್ತಿತ್ತು.
"ಇದಕ್ಕೂ ಕಾನೂನಿದೆಯಾ?"
ನನಗೆ ಗೊತ್ತಿರುವ ಮಟ್ಟಿಗೆ ಇಲ್ಲ.
ಕಿರುಬೆರಳಿಗೆ ತೊಟ್ಟಳು.
ಮೊದಲ ಗೆಣ್ಣಿನವರೆಗೆ ಇಳಿದು ನಿಂತಿತು.

ಶನಿವಾರ ಫೋನು.
"ತಲುಪಿದೆವು. ಡಚೆಸ್ ದಾರಿಯುದ್ದಕ್ಕೂ ನಿದ್ದೆ.
ಬೆಟ್ಟದ ಮೇಲೆ ನಿಲ್ಲಿಸಿ ಕೇಳಿದರು,
ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.
ಎರಡು ಏಪ್ರಿಕಾಟ್ ಕಿತ್ತುಕೊಂಡರು."