ಹೊಳ್ಳಿ ಬರೋ ತಂತಿ

ಬ್ರಹ್ಮಪುರದ ಮನಿ. ಗ್ವಾಡಿ ಎರಡೂವರಿ ಫೂಟು,
ಶಹಾಬಾದಿ ಕಲ್ಲು, ನಡುವ ಮಣ್ಣು, ಮ್ಯಾಲ ಗಚ್ಚು.
ವೈಫೈ ಪಡಸಾಲಿ ದಾಟೂದಿಲ್ಲ.
"ಹಂಗಾರ ತಂತಿನೇ ಎಳೀಬೇಕ್ರಿ," ಅಂದೆ.
ಚನ್ನವೀರಣ್ಣ ಗೋಣು ಹಾಕಿದ,
ದಾಲ್ ಮಿಲ್ಲಿನ ಧೂಳು ಇನ್ನೂ ಹುಬ್ಬಿನ ಮ್ಯಾಲ.
"ಮಲಕೊಂಡಲ್ಲೇ ಗೇಟಿನ ದೀಪ ಆರಿಸಬೇಕು ನೋಡು.
ಅಷ್ಟೇ ನನ್ನ ಆಸಿ."

ಕಲ್ಲು ಕೊಯ್ಯಬಾರದು, ಸಂದು ಹಿಡಿದು ಹೋಗಬೇಕು.
ಐಟಿಐದಾಗ ಇದನ್ನ ಯಾರೂ ಹೇಳಿರಲಿಲ್ಲ,
ಗ್ವಾಡೀನೇ ಕಲಿಸ್ತು, ನಾಕು ಬ್ಲೇಡು ತಿಂದು.
ಅಂಬರಾಯ ನೀರು ಹೊಡೀತಾನ, ನಾ ಮಿಷನ್ ಹಿಡೀತೀನಿ.
ಏಪ್ರಿಲ್ ಬಿಸಿಲು. ಬಾಯಾಗ ಸುಣ್ಣದ ರುಚಿ.
ಮರದ ಪಟ್ಟಿ ಕಿತ್ತರ ಒಳಗ ಬಟ್ಟಿ ಸುತ್ತಿದ ತಂತಿ,
ಇಲಿ ಸುದ್ದಾ ಮೂಸಿ ಬಿಟ್ಟದ್ದು.
ಕರೀ ಸ್ವಿಚ್ಚಿನ ಹಿಂದ ಬರೇ ಫೇಸು.
ಹೊಸಾ ಸ್ವಿಚ್ಚಿಗೆ ನ್ಯೂಟ್ರಲ್ಲೂ ಬೇಕು:
ಅದು ಸದಾ ಎಚ್ಚರಿರತದ, ಕಿವಿ ತೆರಕೊಂಡು.
ಎಚ್ಚರಿದ್ದವರಿಗೆ ಒಂದು ತುತ್ತಾದರೂ ಬೇಕಲ್ಲ.

ಐದನೇ ದಿನ ಹೊಸಾ ಟ್ರಿಪ್ಪರ್ ಏರಿಸಿದೆ.
ಚನ್ನವೀರಣ್ಣ ಫೋನಿನ ಮ್ಯಾಲ ಬೆರಳಿಟ್ಟ: ಮೆಟ್ಟಿಲ ದೀಪ.
ಟಕ್.
ಇಡೀ ಮನಿ ಕತ್ತಲ.
ಮತ್ತ ಏರಿಸಿದೆ. ಟಕ್.
"ಏನವಾ, ಸುಧಾರಸ್ಲಿಕ್ಕೆ ಬಂದೀ ಏನು ಕೆಡಸ್ಲಿಕ್ಕೆ?"

ಟ್ರಿಪ್ಪರಿಗೆ ಬರೂದು ಒಂದೇ ಲೆಕ್ಕ:
ಹೋದಷ್ಟು ಹೊಳ್ಳಿ ಬರಬೇಕು.
ಕೂದಲಿನಷ್ಟು ಕಮ್ಮಿ ಆದರೂ ಬಾಗಲಾ ಹಾಕತದ.
ಇಲ್ಲಿಂದ ಹೋದದ್ದು ಇಲ್ಲಿಗೆ ಬರವೊಲ್ಲದು.
ಹಂಗಾರ ಎಲ್ಲಿಗೆ?

ಮೀಟರ್ ಹಿಡಕೊಂಡು ತಂತಿ ಬೆನ್ನು ಹತ್ತಿದೆ.
ಮೆಟ್ಟಿಲ, ತೊಲಿ, ತೊಲಿ ಮ್ಯಾಲಿಂದ ನಡುಗ್ವಾಡಿ.
ಸಿಮೆಂಟು ಇಟ್ಟಂಗಿ, ಈ ಮನ್ಯಾಗ ಇದೊಂದೇ ಹೊಸದು,
ಅಣ್ಣ ತಮ್ಮ ಹಿಸ್ಸೆ ಆದಾಗ ಕಟ್ಟಿದ್ದು.
ತೊಲಿ ಎಣಿಸ್ಯಾರ, ಬಾವೀಗೆ ಪಾಳಿ ಹಚ್ಯಾರ,
ಹಿತ್ತಲದ ಒರಳು ಯಾರ ಪಾಲಿಗಂತ ವಕೀಲರ ಕಡೆ ಹೋಗ್ಯಾರ,
ಜೆಸ್ಕಾಂಗೆ ಅಡ್ಡಾಡಿ ಮೀಟರ್ ಎರಡು ಮಾಡಿಸ್ಯಾರ.
ತಂತಿ ಮಾತ್ರ ಯಾರೂ ನೋಡಿಲ್ಲ.
ಇಪ್ಪತ್ತೆರಡು ವರ್ಷ ಈ ಮೆಟ್ಟಿಲ ದೀಪ ಹತ್ತಿದಾಗೆಲ್ಲ
ಕರೆಂಟು ರೇವಣಸಿದ್ದನ ಮನಿ ಹಾದು ಹೋಗ್ಯದ,
ಅವನ ಅಡಿಗಿಮನಿ ಮ್ಯಾಲ, ಅವನ ದೇವರ ಜಗಲಿ ಬಾಜೂಕ,
ಚಪ್ಪಲಿ ಬಿಡದಾ.

"ಕಡದು ಒಗಿ," ಅಂದ.
ಕಣ್ಣುಮುಚ್ಚಿ ಕಡದ ನ್ಯೂಟ್ರಲ್ ಸುಮ್ಮ ಕೂಡೂದಿಲ್ಲ, ಹೊಡೀತದ.
ಏಣಿ ಹೆಗಲಿಗೇರಿಸಿ ಓಣಿ ಸುತ್ತಿದೆ,
ನಲವತ್ತು ಹೆಜ್ಜಿ, ಮತ್ತೊಂದು ಬಾಗಲಾ.

ಕಸ್ತೂರಬಾಯಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.
"ಅವರ ಕರೆಂಟು ನಮ್ಮ ಮನ್ಯಾಗ ಏನು ಮಾಡ್ಲಿಕ್ಕತ್ತದ?"
"ಹೊಳ್ಳಿ ಹೊಂಟದ್ರಿ."
"ಬಿಲ್ಲು?"
"ಹಳೇ ಮೀಟರಿದ್ದಾಗ ನಿಮಗಿಲ್ಲ್ರಿ. ಈಗಿನದರ ಸುದ್ದಿ ಹೇಳಾಕ ಬರಾಂಗಿಲ್ಲ."
ಆಕಿ ನಕ್ಕಳು. ಹಿಟ್ಟಿನ ಕೈಯಿಂದ ಮ್ಯಾಲ ತೋರಿಸಿದಳು:
ಹೊಗಿ ಹಿಡಿದ ಗುಂಡನ ಡಬ್ಬಿ.

ಒಳಗ ಒಂದೇ ಹುರಿ. ಎರಡು ಮನೀದೂ ಸೇರಿ ಹೊಸೆದದ್ದು,
ಹಸರು ಹಿಡಿದು, ಒಂದು ಎಳಿ ಸಡಲಾಗಿ.
ಮೇನು ಇಳಿಸಿ ಬಿಡಿಸಲಿಕ್ಕೆ ಅರ್ಧ ತಾಸು ಹಿಡೀತು.
ಕೆಳಗಿನಿಂದ ಆಕಿ, ರೊಟ್ಟಿಗೆ ಹೇಳಿದಂಗ:
"ರಾತ್ರಿ ಎರಡಕ್ಕ ನಮ್ಮ ಬಲ್ಬು ಒಂದು ಸಲ ಪಿಳಕ್ ಅಂತಿತ್ತು.
ನಮ್ಮವರು ಅಂತಿದ್ದರು: ಅಣ್ಣ ಎದ್ದ, ಇವತ್ತೂ ನಿದ್ದಿಲ್ಲ.
ಇನ್ನ?"
"ಇನ್ನ ಪಿಳಕ್ ಅನ್ನಾಂಗಿಲ್ಲ್ರಿ."
ಆಮ್ಯಾಲ ಬರೇ ರೊಟ್ಟಿ ಸಪ್ಪಳ.

ಈ ಕಡಿ ಬಂದು ನಮ್ಮದೇ ನ್ಯೂಟ್ರಲ್ ಎಳದೆ.
ಚನ್ನವೀರಣ್ಣ ಬೆರಳಿಟ್ಟ. ಮೆಟ್ಟಿಲ ದೀಪ ಹತ್ತಿತು.
ಟ್ರಿಪ್ಪರ್ ಗಪ್ಪಿತ್ತು.
ಹತ್ತಿಸಿದ, ಆರಿಸಿದ, ಹತ್ತಿಸಿದ.
"ಆ ಕಡಿ ಏನಂದರು?" ಅಂದ, ಫೋನಿನಿಂದ ಕಣ್ಣು ತೆಗೀದೆ.
"ಬಿಲ್ಲು ಕೇಳಿದರ್ರಿ," ಅಂದೆ.

ಹಳೇ ತಾಮ್ರ ನಾವು ಕಿಲೋದ ಲೆಕ್ಕ ಮಾರ್ತೀವಿ.
ಅಂಬರಾಯ ಚೀಲದಾಗ ಹಾಕಿ ತೂಗಿದ.
ಆ ಹುರಿ ಅದರಾಗೇ ಹೋತು.