ಒಂದು ಕಡೆಯಿಂದ ಬಿಚ್ಚುವ ಗಂಟು

ಶಿವಮೊಗ್ಗ ಬಿಟ್ಟಿದ್ದು ಆರೂಕಾಲಕ್ಕೆ. ಮಿನಿ ಬಸ್ಸು.
ತೊಡೆಯ ಮೇಲೆ ಥರ್ಮಾಕೋಲ್ ಪೆಟ್ಟಿಗೆ,
ಸಂದಿಯಲ್ಲಿ ಹೊಗೆಯಾಡುವ ಡ್ರೈ ಐಸು.
'ಏನಮ್ಮಾ ಅದು, ಮೀನಾ?'
'ಘಟ್ಟದ ಕೆಳಕ್ಕೆ ಯಾರಾದರೂ ಮೀನು ಒಯ್ತಾರಾ?'
'ಮತ್ತೆ?'
'ದಾರ' ಅಂದೆ.
ಕಂಡಕ್ಟರ್ ಪೆಟ್ಟಿಗೆಗೂ ಅರ್ಧ ಟಿಕೆಟ್ ಹರಿದ.

ಸುಳ್ಳೇನಲ್ಲ. ಒಂಟಿ ಎಳೆ.
ಜೊತೆಗೆ ಇನ್ನೊಂದಿಲ್ಲದ್ದಕ್ಕೆ ತನ್ನ ಮೇಲೆ ತಾನೇ ಬಾಗಿ
ತನ್ನ ಅಕ್ಷರಕ್ಕೆ ತನ್ನಲ್ಲೇ ಜೋಡಿ ಹುಡುಕುವ ಆರ್‌ಎನ್‌ಎ.
ಮಂಗನ ಕಾಯಿಲೆಯ ವೈರಸ್ಸಿನದು, ಬಾಲದ ತುಂಡು ಮಾತ್ರ,
ಲ್ಯಾಬಿನ ಟ್ಯೂಬಿನಲ್ಲಿ ನಾವೇ ಬರೆಸಿದ್ದು.
ಜ್ವರ ತರುವ ತ್ರಾಣ ಇದಕ್ಕಿಲ್ಲ.

ಭಯ ಇದಕ್ಕೇ, ನಮ್ಮದು. ಬೆರಳ ತುದಿಯ ಬೆವರು ತಾಗಿದರೆ ಚೂರುಚೂರು.
ಮೊದಲ ದಿನ ಲೋಬೋ ಮೇಡಂ ಹೇಳಿದ್ದರು:
'ಗ್ಲೌಸ್ ಇಲ್ಲದೆ ಮುಟ್ಟಬೇಡ. ನೀನು ಅಂತಲ್ಲ, ನಾನೂ.
ಎಲ್ಲರ ಚರ್ಮದಲ್ಲೂ ಅದೇ ಕತ್ತರಿ.'
'ಎಲ್ಲರ' ಎಂಬ ಮಾತು ಕೇಳಿ
ಪಿಪೆಟ್ ಹಿಡಿದವಳು ಹಿಡಿದೇ ನಿಂತೆ.

ಕೋಣಂದೂರಿನಾಚೆ ಒಂದು ಹಿತ್ತಿಲಲ್ಲಿ
ಮೇಲಿನಿಂದ ಸುರಿದ ನೀರನ್ನು ಬೊಗಸೆಯೊಡ್ಡಿ ಕುಡಿದವಳು
ನನ್ನಜ್ಜಿ ಚೌಡಿ.
ಅವಳು ಗುಡಿಸಿ ಹೊತ್ತು ತಂದ ದರಗು ಕೊಟ್ಟಿಗೆಯ ಒಳಗೆ ಹೋಗುತ್ತಿತ್ತು,
ಅವಳು ಹೋಗುತ್ತಿರಲಿಲ್ಲ.
ಒಂದು ಬೇಸಿಗೆ ದರಗಿನ ಜೊತೆ ಉಣುಗು ಬಂತು.
ಅವಳನ್ನು ಮುಟ್ಟಲು ಉಣುಗಿಗೆ ಯಾವ ಅಡ್ಡಿಯೂ ಇರಲಿಲ್ಲ.
ಹನ್ನೊಂದು ದಿನ.

ಆಗುಂಬೆ. ಮೊದಲ ತಿರುವಿಗೇ ಹಿಂದಿನ ಸೀಟಿನ ಹುಡುಗ ಕಾರಿಕೊಂಡ.
ಈ ತಿರುವಿಗೂ ಹೇರ್‌ಪಿನ್ ಅಂತಲೇ ಹೆಸರು,
ಎಳೆ ತಿರುಗಿ ತನ್ನನ್ನೇ ಹಿಡಿಯುವ ಜಾಗಕ್ಕೂ.
ಎಣಿಸುತ್ತ ಕೂತೆ. ಏಳರ ನಂತರ ತಪ್ಪಿತು.

ಕೆಳಗಿನ ಊರಲ್ಲಿ ಯಂತ್ರದ ಕೋಣೆ, ಮೈ ಕೊರೆಯುವ ಏಸಿ.
ಮೂರು ಮಿಲಿಮೀಟರಿನ ತಾಮ್ರದ ಜಾಲರಿಗೆ ಒಂದು ಹನಿ,
ಕಾಗದದಿಂದ ಒಂದು ಒತ್ತು,
ದ್ರವ ಈಥೇನಿಗೆ ಫಕ್ಕನೆ ಮುಳುಗು:
ಹರಳಾಗಲೂ ಪುರುಸೊತ್ತು ಸಿಗದೆ ನೀರು ಗಾಜಾಗಿ ನಿಂತಿತು.
ತುಂಡು ತೀರಾ ಗಿಡ್ಡವೆಂದು
ಇನ್ನೊಂದು ದೊಡ್ಡ ಎಳೆಗೆ ಮೊದಲೇ ಹೊಲಿದಿದ್ದೆವು,
ಗುಂಪಿನಲ್ಲಿ ಕಾಣಲೆಂದು ಹೆಗಲೇರಿಸಿದ ಮಗುವಿನ ಹಾಗೆ.

ಎಲೆಕ್ಟ್ರಾನು ಹಾಯಿಸಿದರೆ ತೆರೆಯ ತುಂಬ ಬೂದಿ.
'ಒಂದನ್ನೇ ನೋಡಬೇಡಿ, ತಲೆ ಕೆಡ್ತದೆ' ಎಂದರು ಶೆಟ್ಟಿಗಾರ್.
ಮಗ್ಗದ ಮನೆಯವರು, ತಾಳ್ಮೆ ಅವರಿಗೆ ಹುಟ್ಟಿನಿಂದ.
ಮೂರು ಲಕ್ಷ ಮಸುಕು ಚಿತ್ರ
ತಿರುಗಿಸಿ, ಹೊಂದಿಸಿ, ಒಂದರ ಮೇಲೊಂದು.

ನಾಲ್ಕನೇ ರಾತ್ರಿ ಒಂದು ಉಂಗುರ.
ಉಂಗುರದೊಳಗೆ ನುಸುಳಿದ ತುದಿ.
ಜೀವಕೋಶದ ಹಲ್ಲು ಈ ಕಡೆಯಿಂದ ಅಗಿಯುತ್ತ ಬಂದರೆ
ಉಂಗುರ ಬಿಗಿಯುತ್ತದೆ; ಹಲ್ಲು ಅಲ್ಲೇ ನಿಲ್ಲುತ್ತದೆ.
ನಕಲು ಮಾಡುವ ಕೈ ಆ ಕಡೆಯಿಂದ ಬಂದರೆ
ಸುಮ್ಮನೆ ಬಿಚ್ಚಿಕೊಡುತ್ತದೆ.

ದರಗಿನ ಹೊರೆಗೆ ಅಜ್ಜಿ ಹಾಕುತ್ತಿದ್ದ ಗಂಟು,
ಅವ್ವನಿಗೂ ಬರುತ್ತದೆ, ನನಗೆ ಅರ್ಧ:
ಹೊರೆ ಜಗ್ಗಿದಷ್ಟೂ ಬಿಗಿ,
ಬಾಲ ಹಿಡಿದು ಎಳೆದರೆ ಒಂದೇ ಏಟಿಗೆ ಸಡಿಲ.

ಇದೇ ಅವಳನ್ನು ಕೊಂದದ್ದು ಅನ್ನಬೇಕಿತ್ತು.
ಬಾಯಿ ಬರಲಿಲ್ಲ. ಅಷ್ಟು ಚಂದವಿತ್ತು ಹಾಳಾದ್ದು.
ಗ್ಲೌಸ್ ಕಳಚಿ ತೆರೆಯ ಮೇಲೆ ಬೆರಳಿಟ್ಟೆ.
'ಕಲೆ ಆಗ್ತದೆ ಮೇಡಂ.'
ಆಗಲಿ.

ವಾಪಸಾಗುವಾಗ ಅದೇ ಬಸ್ಸು, ಅವನೇ ಕಂಡಕ್ಟರ್.
'ಈ ಸಲವೂ ದಾರವಾ?'
'ಬಂಗುಡೆ' ಎಂದೆ. ಲೋಬೋ ಮೇಡಂ ಹೇಳಿಕಳಿಸಿದ್ದು, ಬೇರೆ ಡಬ್ಬಿ.
ಅವನು ನಂಬದೆ ಮುಚ್ಚಳ ತೆಗೆಸಿ ನೋಡಿದ.