ಹನ್ನೊಂದನೇ ಡಬ್ಬಿ

ಮಂಡಕ್ಕಿ ಅಂಗಡಿ ಬೆಂಚಿನ ಮೇಲೆ ಮತ್ತೆ ಅದೇ ಜಗಳ:
ಎಂಬತ್ತರ ದಶಕ ಅಂದರೆ ಯಾವ ಸಿನಿಮಾ?

ಹಾಲೇಶಿ ಹೇಳುತ್ತಾನೆ, ಬಣ್ಣದ ದೀಪದ್ದು,
ಗಾಜಿನ ನೆಲ ಒಳಗಿಂದ ಹೊತ್ತಿಕೊಂಡು
ನಾಯಕ ಬಿಳಿ ಬೂಟಿನಲ್ಲಿ ಜಾರಿ ಬಂದದ್ದು.
ಅಂಥಾ ನೆಲ ದಾವಣಗೆರ್‍ಯಾಗೆ ಎಲ್ಲಿತ್ತಲೇ, ಅಂತಾನೆ ನಿಂಗೋಜಿ,
ನೀ ಕುಣಿದಿದ್ದು ಗಣಪತಿ ಬಿಡುವಾಗ, ಬರಿಗಾಲಲ್ಲಿ,
ಗಾಜು ಚುಚ್ಚಿ ಮೂರು ದಿನ ಕುಂಟಿದ್ದು ಮರೆತೇನು?
ಅವನ ಓಟು ಕಣ್ಣೀರಿನ ಚಿತ್ರಕ್ಕೆ:
ಅತ್ತಿಗೆ, ಹೊಲಿಗೆ ಮಿಷನ್ನು, ಕೊನೆಗೊಂದು ಆಸ್ಪತ್ರೆ.
ಗೌಸ್‌ಪೀರ್ ಟೇಲರ್ ಮಾತಾಡುವುದಿಲ್ಲ,
ಮೆಣಸಿನಕಾಯಿ ತೊಟ್ಟು ಹಿಡಿದು ತಿರುಗಿಸುತ್ತಾನೆ.

ನನ್ನನ್ನು ಯಾರೂ ಕೇಳುವುದಿಲ್ಲ.
ಆ ಹತ್ತು ವರ್ಷ ನಾನು ಒಂದೂ ಸಿನಿಮಾ ಪೂರ್ತಿ ನೋಡಿದವನಲ್ಲ.
ಒಂದೇ ಪ್ರಿಂಟು, ಎರಡು ಟಾಕೀಸು, ನಡುವೆ ನನ್ನ ಸೈಕಲ್ಲು.
ಇಲ್ಲಿ ಓಡಿ ಮುಗಿದ ರೀಲು ಡಬ್ಬಿಗೆ ಬಿದ್ದ ಕೂಡಲೆ
ಕ್ಯಾರಿಯರ್‌ಗೆ ಬಿಗಿದು, ರೈಲ್ವೆ ಗೇಟು ದಾಟಿ, ಅಲ್ಲಿಗೆ.
ಗೂಡ್ಸು ಬಂತೆಂದರೆ
ನಾಯಕಿ ಗೇಟಿನ ಈಚೆ, ಗಂಡ ಆಚೆ.
ಹೀಗಾಗಿ ನನಗೆ ಗೊತ್ತಿರುವ ಎಂಬತ್ತರಲ್ಲಿ
ಮದುವೆಗಳಿವೆ, ಹುಡುಗ ಹುಡುಗಿ ಕಂಡದ್ದಿಲ್ಲ,
ಕೊಲೆಗಾರ ಸಿಕ್ಕಿದ್ದಾನೆ, ಸತ್ತವರು ಯಾರೋ.
ತೂಕದಲ್ಲಂತೂ ಎಲ್ಲಾ ಒಂದೇ.
ಕುಣಿತದ ರೀಲು, ಅಳುವಿನ ರೀಲು,
ಏರಿನಲ್ಲಿ ತೊಡೆಗೆ ಒಂದೇ ನೋವು.

ಎಂಬತ್ತಾರೋ ಎಂಬತ್ತೇಳೋ, ಬೇಸಿಗೆ.
ಮಿಲ್ಲಿನ ಚಿತ್ರವೊಂದು ಬಂದಿತ್ತು.
ಯಾವ ಊರಿನ ಮಿಲ್ಲೋ, ಗೋಡೆಗೆ ಹೊಸ ಬಣ್ಣ,
ಕೂಲಿಯವರ ಅಂಗಿಗೆ ಇಸ್ತ್ರಿ,
ಒಬ್ಬನ ತಲೆಯಲ್ಲೂ ಒಂದೆಳೆ ಹತ್ತಿ ಇಲ್ಲ.
ಮ್ಯಾಟಿನಿ ನೋಡಿ ಬಂದ ಅವ್ವ ಅಂದಿದ್ದಳು:
ಇವ್ರು ಯಾರೂ ಕೆಮ್ಮಂಗೇ ಇಲ್ಲಲ್ಲೋ.

ಆ ಸಂಜೆ ಎರಡನೇ ಶಿಫ್ಟಿನ ಸೈರನ್ನು ಕೂಗಲಿಲ್ಲ.
ಹಾಲು ಹಾಕುವವಳು ಹೊತ್ತು ತಪ್ಪಿದಳು,
ಶಾಲೆಯ ಗಡಿಯಾರ ತಪ್ಪಿತೆಂದು ಹುಡುಗರು ಖುಷಿಪಟ್ಟರು.
ಎಂಟು ಗಂಟೆಗೆ ನಾನು ಹೊರಟಾಗ
ಮಿಲ್ಲಿನ ಗೇಟಿಗೆ ಬೀಗ, ಬೀಗದ ಪಕ್ಕ ಒಂದು ಕಾಗದ.
ಓದು ಬಂದವನೊಬ್ಬ ಕಡ್ಡಿ ಗೀರಿ ಗೀರಿ ಓದುತ್ತಿದ್ದ.
ಎರಡು ಸಲ ಓದಿದ.
ಮೂರನೇ ಕಡ್ಡಿಯನ್ನು ಯಾರೋ ಊದಿ ಆರಿಸಿದರು.
ಅಪ್ಪ ಅಲ್ಲಿದ್ದ, ಕೈಯಲ್ಲಿ ಬಿಚ್ಚದ ಬುತ್ತಿ ಡಬ್ಬಿ.
ನನ್ನ ಬೆನ್ನ ಹಿಂದೆ ಹನ್ನೊಂದನೇ ಡಬ್ಬಿ,
ಅದರೊಳಗೆ ಸುರುಳಿ ಸುತ್ತಿಕೊಂಡು ನಾಯಕ,
ಲಾರಿ ಹತ್ತಿ ಮಿಲ್ಲಿನ ಗೇಟು ಮುರಿಯಲು ತಯಾರಾಗಿ.
ಎಷ್ಟು ಹೊತ್ತು ನಿಂತೆನೋ.
ಅಪ್ಪ ಅಂದದ್ದು ಇಷ್ಟೇ: ನಿಂದು ಹೊತ್ತಾತು, ಹೋಗು.

ಅಲ್ಲಿ ಪರದೆ ಬೆಳ್ಳಗೆ ಖಾಲಿ, ಎರಡು ಕುರ್ಚಿ ಚೂರು,
ಮ್ಯಾನೇಜರ್ ಚಿಕ್ಕಸಿದ್ದಪ್ಪ ನನ್ನ ಕಪಾಳಕ್ಕೆ ಬಿಟ್ಟ.
ರೀಲು ಏರಿತು. ಗೇಟು ಮುರಿಯಿತು.
ರಟ್ಟಿನ ಗೇಟು, ಬೀಳುವ ಮೊದಲೇ ಮಡಚಿಕೊಂಡದ್ದು
ಕ್ಯಾಬಿನ್ನಿನ ಕಿಂಡಿಯಿಂದಲೂ ಕಾಣುತ್ತಿತ್ತು.
ಆದರೆ ಸಿಳ್ಳೆ!
ಪಟ್ಟಿ ಕಟ್ಟಿದ ಗಾಯದ ಬಾಯಿ ಬಿಟ್ಟ ಹಾಗೆ ಸಿಳ್ಳೆ.
ಮುಂದಿನ ಬೆಂಚಿನಲ್ಲಿ ಕೂತವರು
ಎರಡನೇ ಶಿಫ್ಟಿಗೆಂದು ಮನೆ ಬಿಟ್ಟು ಬಂದವರೇ,
ಹನ್ನೆರಡಕ್ಕೆ ಮೊದಲು ಹೋದರೆ
ಹೆಂಡತಿ ಯಾಕೆ ಅಂದಾಳೆಂದು ಟಿಕೆಟ್ಟು ತಗೊಂಡವರು.

ಹಾಗಾದರೆ ಆ ಚಿತ್ರ ಕಾಲವನ್ನು ಹಿಡಿಯಿತೋ?
ಇಲ್ಲ. ಬಣ್ಣ ತಪ್ಪು, ಗೇಟು ತಪ್ಪು, ಕೆಮ್ಮು ಇಲ್ಲವೇ ಇಲ್ಲ.
ಸಿಳ್ಳೆಯನ್ನು ಮಾತ್ರ ಯಾವ ಡಬ್ಬಿಯಲ್ಲೂ ನಾನು ಹೊತ್ತಿಲ್ಲ.

ಇಷ್ಟು ಹೇಳಿದ ಮೇಲೆ ಗೌಸ್‌ಪೀರ್ ಬಾಯಿ ಬಿಟ್ಟ:
ಅದ್ರ ಕೊನೆ ಏನಾತು?

ನೋಡಿಲ್ಲಪ್ಪ.
ಹನ್ನೆರಡನೇ ಡಬ್ಬಿ ತರೋಕೆ ಆಗಲೇ ಸೈಕಲ್ ಹತ್ತಿದ್ದೆ.
ಗೇಟಿನ ಹತ್ತಿರ ಮಂದಿ ಕರಗಿದ್ದರು.
ಅಪ್ಪ ಗೋಡೆಗೆ ಬೆನ್ನು ಕೊಟ್ಟು, ಬುತ್ತಿ ಬಿಚ್ಚಿ,
ಊಟದ ಬಿಡುವಿನ ಹೊತ್ತಿಗೆ ಸರಿಯಾಗಿ
ರೊಟ್ಟಿ ಮುರಿಯುತ್ತಿದ್ದ.